ಕೀಬೋರ್ಡಿಗೆ ನೀರು ಹುಯ್ದವರು

"ಎಮ್ಮೆ ಮೈ ತೊಳ್ಯೋ ಕೈಲಿ ಮಿಸಿನು ತೊಳ್ಯಾಕಾಯ್ತದಾ? ಮಳೆಗಾಲ ಮುಗ್ಯೋದ್ರೊಳ್ಗೆ ವಾಪಸ್ ಬತ್ತಾಳೆ, ನೋಡ್ತಾ ಇರಿ."

ನಾನು ಕೊಳತ್ತೂರಿನಲ್ಲಿ ಸೇಲಂ ಬಸ್ಸು ಹತ್ತುವಾಗ ನಮ್ಮ ದೊಡ್ಡಪ್ಪ ಊರವರ ಮುಂದೆ ಹೇಳಿದ ಮಾತು ಇದು. ಟೈಪಿಂಗ್ ಇನ್ಸ್ಟಿಟ್ಯೂಟೊಂದರಲ್ಲಿ ಮಿಷನ್ನು ಒರೆಸಿ ಎಣ್ಣೆ ಬಿಡುವ ಕೆಲಸಕ್ಕೆ ಹೊರಟಿದ್ದೆ. ಟೈಪ್‌ರೈಟರಿನ ಕಾಲ ಮುಗಿದು ಕಂಪ್ಯೂಟರು ಬಂದಾಗ ಇನ್ಸ್ಟಿಟ್ಯೂಟಿನ ಮಾಸ್ಟರೂ ಅದನ್ನೇ ಸ್ವಲ್ಪ ಮರ್ಯಾದೆಯಿಂದ ಹೇಳಿದರು: "ಇದು ನಿನ್ನ ಕೈಗೆ ಬರಲ್ಲಮ್ಮ, ಇದಕ್ಕೆ ಇಂಗ್ಲಿಷ್ ಬೇಕು." ನನ್ನ ಹತ್ತಿರ ಇದ್ದದ್ದು ಐದನೇ ಕ್ಲಾಸಿನ ತಮಿಳು, ಬೆಂಗಳೂರು ಬಸ್ಸುಗಳ ಬೋರ್ಡು ನೋಡಿ ನಾನೇ ಕಲಿತ ಕನ್ನಡ ಅಕ್ಷರ, ಮತ್ತು ಹಟ. ಹಳೇ ಪುಸ್ತಕದಂಗಡಿಯಲ್ಲಿ ಒಂದು ಡಿಕ್ಷನರಿ ಕೊಂಡು ಲ್ಯಾಪ್‌ಟಾಪಿನ ಜೊತೆ ಬರುವ ಪುಸ್ತಕ ಓದಲು ಕೂತೆ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು: ನೀರು, ಕಾಫಿ, ಯಾವುದೂ ಹತ್ತಿರ ತರಬೇಡಿ. ನಮ್ಮ ಸೇಲಂ, ಧರ್ಮಪುರಿ ಕಡೆಯವರು ಯಾರೂ ಆ ಪುಟ ಓದುವುದಿಲ್ಲ. ನಾನು ಅನ್ನ ತಿಂದದ್ದು ಅದರಿಂದಲೇ.

ನೀರು ಬಿದ್ದ ಲ್ಯಾಪ್‌ಟಾಪು ರಿಪೇರಿ ಮಾಡುವ ಅಂಗಡಿ ಇಡಲು ಹೊರಟೆ. ಅದಕ್ಕೆ ಕೋಣೆ ಸಿಕ್ಕಿದ್ದು ಹಳೇ ಬಸ್ ಸ್ಟ್ಯಾಂಡ್ ಹಿಂದೆ, ಮಹಡಿ ಮೆಟ್ಟಿಲ ಕೆಳಗೆ. ಕಟ್ಟಡದ ಓನರು ಮೇಚೇರಿ ಕಡೆಯವರು, ಲಾರಿ ಇಟ್ಟವರು, ಮನೆಯಲ್ಲಿ ನಮ್ಮ ಹಾಗೇ ಕನ್ನಡ ಆಡುವವರು. "ಮಿಸಿನು ಅಂದ್ರೆ ಗಂಡಸು ಬೇಕವ್ವಾ. ಆದ್ರೂ ನಮ್ಮ ಮಾತಾಡೋಳು, ಇರು. ನನ್ನ ಒಸ ಲಾರಿ ಬಂದು ಮುನಿಯಪ್ಪನ ಗುಡೀಲಿ ಪೂಜೆ ಆಗೋಗಂಟ ಇರು. ಆಮೇಲೆ ಬ್ಯಾಟ್ರಿ ಅಂಗ್ಡಿಯೋನು ಕೇಳ್ತಾ ಅವ್ನೆ" ಅಂದರು. ಒಂಟಿ ಹೆಂಗಸಿಗೆ ಆ ಬೀದಿಯಲ್ಲಿ ಬೇರೆ ಯಾರೂ ಅಂಗಡಿ ಕೊಡುತ್ತಿರಲಿಲ್ಲ. ಅಷ್ಟರೊಳಗೆ ಓನರ ಮನಸ್ಸು ಗೆಲ್ಲಬೇಕು, ಇಲ್ಲವಾದರೆ ಕೊಳತ್ತೂರಿನ ಬಸ್ಸೇ ಗತಿ. ಓನರು ಒಳಗೆ ಬಂದಾಗಲೆಲ್ಲ ಏನಾಗುತ್ತಿತ್ತು ಅನ್ನುವುದನ್ನು ಮುಂದೆ ನೋಡಿ.

ಸಕ್ಕರೆ ಹಾಕದ ಕಾಫಿ

ಮೊದಮೊದಲು ಬಂದ ಗಿರಾಕಿಗಳಲ್ಲಿ ಒಬ್ಬರು ಇನ್ಶೂರೆನ್ಸ್ ಆಫೀಸರು. ಜೊತೆಯಲ್ಲಿ ಹೆಂಡತಿ. ಲ್ಯಾಪ್‌ಟಾಪಿನ ಕೀಗಳು ಒತ್ತಿದರೆ ಒತ್ತಿಕೊಂಡೇ ಇರುತ್ತಿದ್ದವು.

"ಏನು ಬಿತ್ತು ಸಾರ್?"

"ಏನೂ ಇಲ್ಲ. ಧೂಳು."

ಧೂಳಿನಿಂದ ಒಳ್ಳೆ ಡಿಕಾಕ್ಷನ್ ವಾಸನೆ ಬರುತ್ತಿತ್ತು. ಡಾಕ್ಟರ ಹತ್ತಿರ ಹೇಳದ ಸುಳ್ಳನ್ನೆಲ್ಲ ಜನ ನನ್ನ ಹತ್ತಿರ ಹೇಳುತ್ತಾರೆ. "ಸಾರ್, ನೀರಿಗೆ ಬೇರೆ ಮದ್ದು, ಕಾಫಿಗೆ ಬೇರೆ ಮದ್ದು. ನಿಜ ಹೇಳಿದ್ರೆ ಉಳಿಯುತ್ತೆ."

"ಸರಿ, ಕಾಫಿ. ಲೋಟದಿಂದ ಡವರಾಕ್ಕೆ ಎತ್ತಿ ಹೊಯ್ದು ಆರಿಸ್ತಾ ಇದ್ದೆ. ಫೋನ್ ಬಂತು, ಡವರಾ ಸ್ವಲ್ಪ ಪಕ್ಕಕ್ಕೆ ಹೋಯ್ತು."

"ಸಕ್ಕರೆ ಹಾಕಿದ್ದಾ, ಹಾಕದ್ದಾ?"

ನಾನು ಕೆಲಸಕ್ಕೆ ಬೇಕಾಗಿ ಕೇಳಿದೆ. ಅವರು ಒಮ್ಮೆ ಹೆಂಡತಿಯ ಕಡೆ ನೋಡಿ, ಬೀದಿಗೆಲ್ಲ ಕೇಳುವ ಹಾಗೆ "ಹಾಕದ್ದು!" ಅಂದರು.

"ನಮ್ಮನೇಲಿ ಸಕ್ಕರೆ ನಿಲ್ಲಿಸಿಬಿಟ್ಟಿದ್ದೀವಿ ಕಣಮ್ಮ. ಡಾಕ್ಟರು ಹೇಳಿದ್ದಾರೆ. ಇವರೂ ಪಾಪ, ಕಟ್ಟುನಿಟ್ಟು" ಎಂದು ಆಕೆ ಹೆಮ್ಮೆಯಿಂದ ಹೇಳಿದರು.

ಸಕ್ಕರೆ ಇಲ್ಲ ಅಂದರೆ ಹತ್ತಿಗೆ ಸ್ಪಿರಿಟ್ಟು ಹಾಕಿ ಒರೆಸಿದರೆ ಮುಗಿಯಿತು. ಒಂದು ಕೀ ಮುಚ್ಚಳ ಮೀಟಿದೆ. ಅದು ಮೇಲೆ ಬಂತು, ಅದರ ಹಿಂದೆಯೇ ಉದ್ದಕ್ಕೆ ಒಂದು ಎಳೆ ಬಂತು. ಇನ್ನೊಂದು ಮೀಟಿದೆ, ಎರಡೆಳೆ ಬಂತು. ಆಕೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಏನ್ರೀ ಇದು, ಮೈಸೂರುಪಾಕಿನ ಪಾಕ ಬಂದ ಹಾಗೆ ಬರ್ತಿದೆ?"

"ಅದು... ಆಫೀಸ್ ಕ್ಯಾಂಟೀನಿನವನು ತಪ್ಪಿ ಹಾಕಿಬಿಟ್ಟ."

"ದಿನಾ ತಪ್ಪಿ ಹಾಕ್ತಾನಾ?"

ಆಫೀಸರು ಗೋಡೆಯ ಕ್ಯಾಲೆಂಡರು ನೋಡತೊಡಗಿದರು. ನಾನು ತಲೆಯೆತ್ತದೆ ಕೆಲಸ ಮುಗಿಸಿಕೊಟ್ಟೆ. ಹೊರಡುವಾಗ ಆಕೆ ಲ್ಯಾಪ್‌ಟಾಪನ್ನು ತಾವೇ ಎತ್ತಿಕೊಂಡು ನನಗೆ ಹೇಳಿದರು: "ಇನ್ಮೇಲೆ ಲ್ಯಾಬಿಗೆ ಹೋಗಿ ರಕ್ತ ಕೊಡೋದು ಬೇಡ. ತಿಂಗಳಿಗೊಂದು ಸಲ ಇದನ್ನೇ ನಿನ್ನ ಹತ್ರ ತರ್ತೀನಿ. ರಿಪೋರ್ಟೂ ಬೇಗ ಬರುತ್ತೆ."

ಮೆಟ್ಟಿಲು ಇಳಿಯುತ್ತಿದ್ದ ಓನರು ಮೂಗು ಅರಳಿಸಿ ಬಾಗಿಲಲ್ಲಿ ನಿಂತರು. "ಏನವ್ವಾ, ಕಾಫಿ ಕ್ಲಬ್ ಮಡಗಿದ್ದೀಯಾ?"

ಬಿಸಿಲಿಗೆ ಹಾಕಿದ್ದು

ಸೇಲಮ್ಮಿನಲ್ಲಿ ಸಬ್ಬಕ್ಕಿ ವ್ಯಾಪಾರದವರಿಗೇನೂ ಬರವಿಲ್ಲ. ಅಂಥ ಒಬ್ಬ ವ್ಯಾಪಾರಿ ಒಂದು ದಿನ ಲ್ಯಾಪ್‌ಟಾಪನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಬಂದರು. ಮಗಳ ಹುಟ್ಟುಹಬ್ಬಕ್ಕೆ ಮಾಡಿದ ಸಬ್ಬಕ್ಕಿ ಪಾಯಸ ಒಂದು ಬಟ್ಟಲು ಅದರ ಮೇಲೆ ಬಿದ್ದಿತ್ತಂತೆ.

"ಒಣಗಿಸಿಯೇ ತಂದಿದ್ದೀನಿ ತಂಗಚ್ಚಿ, ನಿನಗೆ ಅರ್ಧ ಕೆಲಸ ಉಳಿಯಿತು" ಅಂದರು.

ಅವರ ಹೆಂಡತಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದರು. ಅದೇ ಚಾಪೆಯ ಮೇಲೆ, ಸಂಡಿಗೆಯ ಪಕ್ಕ, ಇದನ್ನೂ ಬಿಡಿಸಿ ಇಟ್ಟಿದ್ದರು. ಕಾಗೆ ಬರದ ಹಾಗೆ ಎರಡಕ್ಕೂ ಸೇರಿಸಿ ಪಂಚೆ ಹೊದಿಸಿದ್ದರು. ಸಂಡಿಗೆ ಹೇಗೆ ಒಣಗಿ ಗರಿಗರಿ ಅನ್ನುತ್ತಿತ್ತೋ ಪಾಯಸವೂ ಹಾಗೇ ಆಗಿತ್ತು. ಒಂದು ಕೀ ಒತ್ತಿದರೆ ಅಕ್ಕಪಕ್ಕದವೆಲ್ಲ ಮದುವೆ ಮನೆಗೆ ಹೊರಟವರ ಹಾಗೆ ಒಟ್ಟಿಗೆ ಹೋಗುತ್ತಿದ್ದವು. ಬಿಸಿಲಿಗಿಡುವ ಬದಲು ಹಸಿಯಾಗಿಯೇ ತಂದಿದ್ದರೆ ಬೇಗ ಮುಗಿಯುತ್ತಿತ್ತು. ಈಗ ಮುಚ್ಚಳಗಳನ್ನು ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿದೆ. ಕೆಳಗೆ ಅಂಟಿದ್ದನ್ನು ಮರದ ಕಡ್ಡಿಯಲ್ಲಿ ಒಂದೊಂದಾಗಿ ಎಬ್ಬಿಸಿ ಪೇಪರಿನ ಮೇಲೆ ಗುಡ್ಡೆ ಹಾಕಿದೆ. ಕೀಗಳ ಅಚ್ಚಿನಲ್ಲಿ ಒಣಗಿದ ಪಾಯಸದ ಸಣ್ಣ ಸಣ್ಣ ಚೌಕ, ಹೊಳಪು, ನೋಡಲು ಬಹಳ ಚೆಂದ.

ಓನರು ಬಾಡಿಗೆಯ ಮಾತಾಡಲು ಬಂದವರು ಮಾತಾಡುತ್ತಲೇ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ನಾನು "ಅಣ್ಣಾ!" ಅನ್ನುವಷ್ಟರಲ್ಲಿ ಎರಡನೆಯದೂ ಒಳಗೆ ಹೋಗಿತ್ತು.

"ಮಿಸಿನು ಅಂಗ್ಡಿ ಅಂತ ಕೊಟ್ರೆ ಅಡಿಗೆ ಮನೆ ಮಾಡ್ಕೊಂಡಿದ್ದೀಯಲ್ಲವ್ವಾ" ಎಂದು ಬೈದು, ಬಾಗಿಲು ದಾಟಿದವರು ತಿರುಗಿ ನಿಂತರು. "ಸಿಹಿ ಏನೋ ಐತೆ. ಉಪ್ಪು ಆಕಾದು ಮರ್ತಿದ್ದೀಯ."

ಒಂದೇ ಸಮ ಬಂದ ಮೊಳಕೆ

ಕಾರಿಮಂಗಲಂ ಕಡೆಯ ಗ್ರಾನೈಟ್ ವ್ಯಾಪಾರಿಯೊಬ್ಬರ ಲ್ಯಾಪ್‌ಟಾಪಿಗೆ ಎಳನೀರು ಬಿದ್ದಿತ್ತು. ಕಾಯಿ ಕೊಚ್ಚಿದ್ದು ಪಕ್ಕದಲ್ಲೇ, ಚಿಮ್ಮಿದ್ದು ನೇರ ಒಳಕ್ಕೆ. ಅವರ ತಾಯಿ ಧೈರ್ಯ ಹೇಳಿದರಂತೆ: "ರಾಗಿ ಡ್ರಮ್ಮಲ್ಲಿ ಊತಿಡು ಮಗಾ, ಪಸೆಯೆಲ್ಲ ಎಳ್ಕಂತದೆ." ಮಗ ಹೂತಿಟ್ಟು, ಕಲ್ಲು ಮಾರಲು ಊರೂರು ತಿರುಗಿ ಬಂದು ತೆಗೆದು ನೋಡಿದರೆ ಕೀಗಳ ಸಂದಿಯಲ್ಲೆಲ್ಲ ಬೆಳ್ಳಗೆ ಏನೋ ಇಣುಕುತ್ತಿತ್ತು. ಹುಳ ಬಿದ್ದಿದೆ ಎಂದು ಹೆದರಿ ತಾಯಿಯನ್ನೂ ಕರೆದುಕೊಂಡು ನನ್ನ ಹತ್ತಿರ ಬಂದರು.

ಹುಳವಲ್ಲ. ರಾಗಿ ಎಳನೀರು ಕುಡಿದು ಮೊಳಕೆ ಬಿಟ್ಟಿತ್ತು.

ನಾನು ತಲೆಕೆಳಗು ಮಾಡಿ ಬ್ರಶ್ಶು ತೆಗೆದುಕೊಂಡೆ. ಆ ತಾಯಿ ನನ್ನ ಕೈ ಹಿಡಿದರು. "ಏಯ್, ಎಲ್ಲಿಗೆ ಗುಡಿಸ್ತೀಯಾ? ಇಲ್ಲಿ ಸೆರಗಿಗೆ ಬಿಡು."

"ಅವ್ವಾ, ಸುಮ್ನಿರವ್ವಾ, ಜನ ನೋಡ್ತಾರೆ" ಎಂದು ಮಗ ಗೊಣಗಿದರು.

"ನೋಡ್ಲಿ. ನೀನು ಕಲ್ಲು ಮಾರೋನು, ನಿಂಗೇನ್ ಗೊತ್ತು ಕಾಳಿನ ಬೆಲೆ?" ಎಂದು ಮಗನನ್ನು ಹಿಂದಕ್ಕೆ ತಳ್ಳಿ ನನ್ನೆದುರು ಸೆರಗೊಡ್ಡಿ ಕೂತರು. ನಾನು ಸೂಜಿಯಲ್ಲಿ ಎಬ್ಬಿಸಿದ ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ನೋಡಿ ಸೆರಗಿಗೆ ಹಾಕಿಕೊಂಡರು. ಎಳನೀರಿನ ಅಂಟು ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಫ್ಯಾನಿನ ಕೆಳಗೆ ಇಟ್ಟೆ. ಆಮೇಲೆ ಸ್ವಿಚ್ ಒತ್ತಿದಾಗ ಸ್ಕ್ರೀನು ಬಂತು. ಮಗ ಕೈ ಮುಗಿದರು. ತಾಯಿಗೆ ಮಾತ್ರ ಸಂತೋಷವಾಗಲಿಲ್ಲ.

"ಪೂರಾ ರಿಪೇರಿ ಮಾಡ್ಬುಟ್ಯಾ? ಬಟ್ಟೇಲಿ ಕಟ್ಟಿದ್ರೂ ಇಂಗೆ ಒಂದೇ ಸಮ ಮೊಳಕೆ ಬರಲ್ಲ ಕಣವ್ವಾ. ಮೊಮ್ಮಗೂನ ಗಂಜಿಗೆ ಇನ್ನೊಂದ್ಸೇರು ಆಕಾನ ಅಂತಿದ್ದೆ."

ಅವರನ್ನು ಕಳಿಸಿ ನಾನು ನಗುತ್ತಿದ್ದಾಗ ಬಾಗಿಲಲ್ಲಿ ಬ್ಯಾಟರಿ ಅಂಗಡಿಯವನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. "ತಪ್ಪು ತಿಳೀಬೇಡಿ ಅಕ್ಕಾ. ಓನರು ಹೊಸ ಲಾರಿ ಬಂತು ಅಂದ್ರು. ರ‍್ಯಾಕು ಮಾಡಿಸಬೇಕಲ್ಲ." ನನ್ನ ನಗು ಅಲ್ಲಿಗೆ ನಿಂತಿತು.

ಮುನಿಯಪ್ಪನ ಗುಡಿ ಮುಂದೆ

ಪೂಜೆಗೆ ಬಾಡಿಗೆದಾರರನ್ನೆಲ್ಲ ಕರೆದಿದ್ದರು. ನಾನೂ ಹೋದೆ, ಬ್ಯಾಟರಿಯವನೂ ಸ್ಕೂಟರಿನಲ್ಲಿ ಬಂದಿದ್ದ. ಹೊಸ ಲಾರಿ ಗುಡಿಯ ಮುಂದೆ ಹೂವು, ಬಾಳೆಕಂದು ಕಟ್ಟಿಕೊಂಡು ನಿಂತಿತ್ತು. ಅದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಹೊಚ್ಚ ಹೊಸ ಲ್ಯಾಪ್‌ಟಾಪು, ಅದಕ್ಕೂ ಒಂದು ಹಾರ. ಲೋಡಿನ ಲೆಕ್ಕ ಬರೆಯಲು ಓನರು ಲಾರಿಯ ಜೊತೆಗೇ ಕೊಂಡಿದ್ದರು. ದೇವರಿಗೆ ಕಾಣಲಿ ಎಂದು ಅದನ್ನು ತೆರೆದು, ಆನ್ ಮಾಡಿ ಇಟ್ಟಿದ್ದರು.

ಲಾರಿಯ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರು. ಆಮೇಲೆ ಓನರು ಕೈಯಲ್ಲಿ ಇನ್ನೂ ನಿಂಬೆಹಣ್ಣು ಹಿಡಿದು ಲ್ಯಾಪ್‌ಟಾಪಿನ ಅಡಿ ನೋಡತೊಡಗಿದರು. "ಇದಕ್ಕೂ ನಾಕು ಕಾಲು ಅವೆ."

"ಅಣ್ಣಾ, ಬೇಡ!" ಎಂದು ಓಡಿಹೋಗಿ ಹಣ್ಣು ಕಿತ್ತುಕೊಂಡೆ. ಹಾಗೆ ಒಂದು ಗಂಡಾಂತರ ತಪ್ಪಿಸಿದೆ ಅಂದುಕೊಂಡೆ.

ಆಮೇಲೆ ಆಡು ಬಂತು, ಮೇಚೇರಿ ಸಂತೆಯದು, ಕೊಬ್ಬಿದ್ದು. ನಮ್ಮ ಕಡೆ ಆಡಿನ ತಲೆಗೆ ಅರಿಶಿನ ನೀರು ಹುಯ್ಯುತ್ತಾರೆ. ಅದು ಮೈ ಕೊಡವಿದರೆ ದೇವರು ಒಪ್ಪಿದ ಅಂತ. ಕೊಡವದಿದ್ದರೆ ಯಾರೂ ಕತ್ತಿ ಮುಟ್ಟುವ ಹಾಗಿಲ್ಲ. ಪೂಜಾರಿ ಒಂದು ಚೊಂಬು ಹುಯ್ದ. ಆಡು ಮೆಲುಕು ಹಾಕಿತು. ಇನ್ನೊಂದು ಚೊಂಬು ಹುಯ್ದ. ಆಡು ಕಣ್ಣು ಮುಚ್ಚಿಕೊಂಡಿತು.

"ನಿನ್ ಮನಸ್ನಾಗೆ ಏನೋ ಐತೆ, ಸಾಮಿಗೆ ಇಡಿಸಿಲ್ಲ. ಬಾಯ್ಬಿಟ್ಟು ಕೇಳು" ಎಂದು ಪೂಜಾರಿ ಓನರಿಗೆ ಹೇಳಿದ.

ಓನರು ಕೈ ಮುಗಿದರು. "ಲೋಡು ಜಾಸ್ತಿ ಆಕಿಸ್ತೀನಿ, ಅದಕ್ಕಾ ಸಾಮೀ?" ಆಡು ಅಲುಗಲಿಲ್ಲ. "ತಮ್ಮನ ಬಾವಿ ನೀರು ಒಸಿ ನನ್ನ ಕಡೆ ತಿರುಗಿಸ್ಕಂಡೆ, ಅದಕ್ಕಾ?" ಆಡು ಅಲುಗಲಿಲ್ಲ, ತಮ್ಮ ಎದ್ದು ನಿಂತ. ಡ್ರೈವರುಗಳು ಅಷ್ಟು ಭಕ್ತಿಯಿಂದ ಪೂಜೆ ನೋಡಿದ್ದನ್ನು ನಾನು ಕಂಡಿಲ್ಲ. ಓನರು ಬೆವರು ಒರೆಸಿಕೊಂಡರು. ಆಡು ಹಸಿವಾಗಿ ಲ್ಯಾಪ್‌ಟಾಪಿನ ಹಾರಕ್ಕೆ ಬಾಯಿ ಹಾಕಿತು.

"ಹಂಗಾದ್ರೆ ಆ ಕೋಣೆ ಇಸ್ಯ. ಬ್ಯಾಟ್ರಿಯೋನಿಗೆ ಕೊಡ್ಲಾ?"

ಪೂಜಾರಿ ಚೊಂಬು ಬಿಟ್ಟು ಬಿಂದಿಗೆಯನ್ನೇ ಎತ್ತಿ ಸುರಿದ. ಆಡು ಹಾರ ಅಗಿಯುತ್ತಲೇ ಇತ್ತು.

"ಇಲ್ಲಾ ಇವ್ಳಿಗೇ ಬುಡ್ಲಾ?"

ಆಡು ಕೊಡವಿತು. ಕೋಡಿನಿಂದ ಬಾಲದವರೆಗೆ, ಮೂರು ಬಿಂದಿಗೆಯಷ್ಟು ನೀರು ಅದರ ಮೈಯಲ್ಲಿತ್ತೋ ಏನೋ, ಎಲ್ಲವನ್ನೂ ಕೊಡವಿತು. "ಮುನಿಯಪ್ಪಾ!" ಎಂದು ಜನ ಕೂಗಿದರು. ಸ್ಕ್ರೀನು ಹಳದಿ ನೀರಿನಲ್ಲಿ ಮುಳುಗಿ, ಎರಡು ಸಲ ಕಣ್ಣು ಮಿಟುಕಿಸಿ, ಕಪ್ಪಾಯಿತು. ಒಪ್ಪಿಗೆ ಕೊಟ್ಟದ್ದು ಆಡು, ಪ್ರಾಣ ಬಿಟ್ಟದ್ದು ಲ್ಯಾಪ್‌ಟಾಪು.

ನಾನು ಓಡಿಹೋಗಿ ಬ್ಯಾಟರಿ ಕಿತ್ತು, ಲ್ಯಾಪ್‌ಟಾಪನ್ನು ತಲೆಕೆಳಗು ಹಿಡಿದು ಆಡಿನ ಹಾಗೇ ಕೊಡವಿದೆ. ಓನರು ಹಿಂದೆಯೇ ಓಡಿ ಬಂದರು. "ಸಾಮಿ ಒಪ್ಪಿದ, ಸರಿ. ಮಿಸಿನು ಒಪ್ಪಬೇಕಲ್ಲ! ಇದು ಎದ್ರೆ ಕೋಣೆ ನಿಂದು. ಏಳ್ಲಿಲ್ಲಾಂದ್ರೆ ಮುನಿಯಪ್ಪನೇ ಬಂದು ಕೇಳಿದ್ರೂ ಕೊಡಲ್ಲ."

ಅರಿಶಿನ, ಬೋರ್ ನೀರಿನ ಉಪ್ಪು, ಆಡಿನ ಕೂದಲು ಎಲ್ಲ ಒಳಗೆ ಹೋಗಿತ್ತು. ತೊಳೆಯಲು ಉಪ್ಪಿಲ್ಲದ ನೀರು ಬೇಕು. ಅಂಥ ನೀರು ಅಲ್ಲಿ ಇದ್ದದ್ದು ಒಬ್ಬನ ಹತ್ತಿರ: ಬ್ಯಾಟರಿಗೆ ಹುಯ್ಯುವ ಡಿಸ್ಟಿಲ್ಡ್ ವಾಟರಿನ ಕ್ಯಾನು ಅವನ ಸ್ಕೂಟರಿನಲ್ಲಿತ್ತು.

"ಏನಕ್ಕಾ, ನನ್ನ ಕೋಣೆ ಕಿತ್ಕೊಂಡು ನನ್ನ ನೀರನ್ನೇ ಕೇಳ್ತೀರಾ?"

"ನಾನು ಕಿತ್ಕೊಂಡೆನಾ? ಹೋಗಿ ಆಡನ್ನ ಕೇಳು."

ಅವನು ಆಡನ್ನು ನೋಡಿದ, ಪೂಜಾರಿಯ ಕೈಯ ಕತ್ತಿಯನ್ನು ನೋಡಿದ, ಕ್ಯಾನು ಕೊಟ್ಟ.

ಕೀಬೋರ್ಡು ಬಿಚ್ಚಿ ಆ ನೀರಿನಲ್ಲಿ ತೊಳೆದೆ, ಸ್ಪಿರಿಟ್ಟಿನಲ್ಲಿ ತೊಳೆದೆ, ಒಳಗಿನ ಬೋರ್ಡನ್ನು ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದೆ. ಓನರು ದಿನಾ ಬಂದು "ಬಿಸಿಲಿಗೆ ಮಡಗಾನಾ?" ಅನ್ನುತ್ತಿದ್ದರು, ನಾನು ದಿನಾ ಹೊರಗೆ ಕಳಿಸುತ್ತಿದ್ದೆ. ಪೂರ್ತಿ ಒಣಗಿದ ಮೇಲೆ ಅವರ ಎದುರಿಗೇ ಸ್ವಿಚ್ ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನ ಫ್ಯಾನು ಗುಯ್ ಅಂದಿತು, ಸ್ಕ್ರೀನು ಬೆಳಗಿತು. ಬಿಳಿ ಕೀಗಳು ಮಾತ್ರ ಮದುಮಗಳ ಕೆನ್ನೆಯ ಹಾಗೆ ಅರಿಶಿನವಾಗಿಯೇ ಉಳಿದವು.

ಓನರು ಬೀಗದಕೈ ಮೇಜಿನ ಮೇಲಿಟ್ಟರು. "ಕೋಣೆ ನಿಂಗೇ ಬುಟ್ಟೆ. ಆದ್ರೆ ಆಡಿನ ಕಾಸು ನೀನೇ ಕೊಡ್ಬೇಕು."

"ನಾನ್ಯಾಕೆ ಕೊಡ್ಲಿ? ಪೂಜೆ ನಿಮ್ಮ ಲಾರಿದು!"

"ಲಾರಿಗೆ ಎಲ್ಲಿ ಮೈ ಒದರ್ತು? ಅದು ಒದರಿದ್ದು ನಿನ್ ಕೋಣೆ ಇಸ್ಯಕ್ಕೆ. ಲಾರಿಗೆ ನಾನು ಬ್ಯಾರೆ ಆಡು ತರಬೇಕು."

ಬಾಡಿಗೆಗೆ ಸಿಕ್ಕಿದ್ದ ಆ ಕೋಣೆ, ಎಷ್ಟೋ ವರ್ಷ ಕಳೆದ ಮೇಲೆ, ಈಗ ನನ್ನ ಸ್ವಂತದ್ದು, ಅದರ ಪಕ್ಕದ್ದೂ ನನ್ನದೇ, ಎರಡರ ಪತ್ರವೂ ನನ್ನ ಹೆಸರಿನಲ್ಲಿದೆ. ಅದಕ್ಕೆ ಕೊಟ್ಟದ್ದು: ನನ್ನ ಪಾಲಿಗೆ ಬಂದಿದ್ದ ತುಂಡು ಹೊಲ, ಸ್ಪಿರಿಟ್ಟು ತಿಂದುಹಾಕಿದ ಬೆರಳ ತುದಿಯ ಚರ್ಮ, ಮತ್ತು ಒಂದು ಆಡು.