ಏಳು ವೈರಿನ ಗೋಜಲು

ಮೇಜಿನ ಮೇಲೆ ಅಷ್ಟು ಧೂಳು ಇಲ್ಲದಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಬೀದಿಯವರ ಬಾಯಲ್ಲಿ ಅವನ ಹೆಸರೇ ‘ಕನ್ನಡಕ’. ಹಿಂದಿನ ವಾರ ಶಾಲೆಯ ಹೆಡ್ ಮೇಡಂ ಅಂಗಡಿಗೆ ಬಂದಾಗ, ಅವರ ಕನ್ನಡಕದ ಸಡಿಲ ತಿರುಪು ಬಿಗಿ ಮಾಡುತ್ತಾ ತನ್ನ ಮನೆಯ ಸ್ಟುಡಿಯೋ ಬಗ್ಗೆ ಅರ್ಧ ತಾಸು ಕೊಚ್ಚಿಕೊಂಡಿದ್ದ. ಕನ್ನಡಕ ಅವನ ಕೈಯಲ್ಲೇ ಇದ್ದುದರಿಂದ ಅವರು ಎದ್ದು ಹೋಗುವಂತೆಯೂ ಇರಲಿಲ್ಲ. ಕೊನೆಗೆ ಅವರು, ಶಾಲೆಯಲ್ಲಿ ಬೆಳಿಗ್ಗೆ ಗಂಟೆ ಬಾರಿಸುವ ಬದಲಿಗೆ ಒಂದು ನಿಮಿಷದ ರಾಗ ಮಾಡಿಕೊಡುತ್ತೀರಾ, ನಾನೇ ಮನೆಗೆ ಬಂದು ಕೇಳುತ್ತೇನೆ ಎಂದರು. ಜೀವಮಾನದಲ್ಲೇ ಮೊದಲ ಸಲ ಯಾರೋ ತಾವಾಗಿ ಅವನ ಸಂಗೀತ ಕೇಳುತ್ತೇನೆಂದಿದ್ದರು. ಅವತ್ತು ರಾತ್ರಿ ಅವನಿಗೆ ಊಟವೂ ಸೇರಲಿಲ್ಲ.

ಅವರು ಬರುವುದು ಸಂಜೆ ನಾಲ್ಕಕ್ಕೆ. ಕನ್ನಡಕ ರಜೆ ಹಾಕಿ ಬೆಳಿಗ್ಗೆ ಹತ್ತಕ್ಕೇ ಒರೆಸುವ ಬಟ್ಟೆ ಹಿಡಿದು ಸ್ಟುಡಿಯೋಗೆ ನುಗ್ಗಿದ. ಸ್ಟುಡಿಯೋ ಎಂದರೆ ಇಸ್ತ್ರಿ ಕೋಣೆಯ ಒಂದು ಮೂಲೆ. ಅಲ್ಲೊಂದು ತನ್ನದೇ ದನಿಯಿಲ್ಲದ ಮಿಡಿ ಕೀಬೋರ್ಡು, ಇನ್ನೂರು ವಾದ್ಯಗಳ ದನಿ ಹೊಟ್ಟೆಯಲ್ಲಿಟ್ಟುಕೊಂಡ ಹಳೆಯದೊಂದು ಸೌಂಡ್ ಮಾಡ್ಯೂಲು, ಡ್ರಮ್ ಮೆಷಿನ್ನು, ಕಂಪ್ಯೂಟರು. ಇವಕ್ಕೆ ಏಳು ವೈರು ಹಾಕಿ ಒಂದಕ್ಕೊಂದು ಗಂಟು ಹಾಕಿಕೊಟ್ಟಿದ್ದ ಗೆಳೆಯ ಈಗ ಹಡಗಿನ ಬ್ಯಾಂಡಿಗೆ ಸೇರಿ ನಡುಗಡಲಿನಲ್ಲಿದ್ದ.

ವೈರುಗಳ ಸಂದಿಯಲ್ಲಿ ಬೆರಳು ದಪ್ಪದ ಧೂಳು. ಕನ್ನಡಕ ಏಳನ್ನೂ ಕಿತ್ತ, ಒರೆಸಿದ, ತಿರುಗಿ ಸಿಕ್ಕಿಸಿದ. ಪ್ರತಿ ಪೆಟ್ಟಿಗೆಯ ಬೆನ್ನಿಗೂ ‘ಇನ್’, ‘ಔಟ್’ ಎಂದು ಬರೆದೇ ಇತ್ತು. ಎಡಗಾಜು ಎಡಕ್ಕೆ, ಬಲಗಾಜು ಬಲಕ್ಕೆ ಕೂರಿಸಿ ಪಳಗಿದ ಕೈ. ಔಟಿನಿಂದ ಔಟಿಗೆ, ಇನ್ನಿನಿಂದ ಇನ್ನಿಗೆ ಚೊಕ್ಕವಾಗಿ ಜೋಡಿಸಿ ಕೀಲಿ ಒತ್ತಿದ. ಮೇಜು ಫಳಫಳ ಹೊಳೆಯುತ್ತಿತ್ತು, ಸದ್ದು ಮಾತ್ರ ಸೊನ್ನೆ. ಹೆಸರಿಗೆ ಮಿಡಿ ಕೀಬೋರ್ಡು, ಹನ್ನೊಂದೂವರೆಯವರೆಗೆ ಗುದ್ದಿದರೂ ಒಂದು ಸಲವೂ ಮಿಡಿಯಲಿಲ್ಲ.

ಹೆಂಡತಿ ಕೆಳಮನೆಯ ಎಲೆಕ್ಟ್ರಿಷಿಯನ್ನನ್ನು ಕರೆತಂದಳು. ಅವನು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಟೆಸ್ಟರ್ ತೆಗೆದು ಎಲ್ಲ ವೈರುಗಳ ಮೂತಿಗೂ ಮುಟ್ಟಿಸಿ, ಯಾವುದರಲ್ಲೂ ಕರೆಂಟಿಲ್ಲ, ಇವು ಸತ್ತಿವೆ ಎಂದು ಸಾರಿದ. ಇವು ಆ ಜಾತಿಯ ವೈರಲ್ಲ ಎಂದು ಕನ್ನಡಕ ಹೇಳುವಷ್ಟರಲ್ಲಿ ಎರಡನ್ನು ಅದಲುಬದಲು ಮಾಡಿಯೇ ಬಿಟ್ಟ. ಈಗ ಸದ್ದು ಬಂತು. ಆದರೆ ಕೀಬೋರ್ಡಿನ ಮಾತು ನೇರ ಡ್ರಮ್ ಮೆಷಿನ್ನಿಗೆ ಹೋಗುತ್ತಿತ್ತು. ಮಕ್ಕಳು ಹೂವಿನಂತೆ ಅರಳಲಿ ಎಂದು ವಾರವಿಡೀ ಕೂತು ಕಟ್ಟಿದ ರಾಗ, ಅಟ್ಟದ ಮೇಲಿಂದ ಪಾತ್ರೆಗಳು ಉರುಳಿ ಬಿದ್ದ ಹಾಗೆ ಕೇಳಿಸಿತು.

ಆ ಗದ್ದಲಕ್ಕೆ ಎದುರುಮನೆಯ ಬಸ್ ಕಂಡಕ್ಟರ್ ಬಂದ. ವಾರದ ರಜೆಯ ದಿನ ಅವನಿಗೆ ಹೊತ್ತೇ ಹೋಗುತ್ತಿರಲಿಲ್ಲ. ಇದ್ದಬದ್ದ ವೈರುಗಳನ್ನೆಲ್ಲ ಬೆರಳಲ್ಲಿ ಹಿಂಬಾಲಿಸಿ ನೋಡಿ, ದೋಷ ಹಿಡಿದೇಬಿಟ್ಟ.

“ಹೋದ ಬಸ್ಸು ವಾಪಸ್ ಬರ್ಬೇಕೋ ಬೇಡ್ವೋ? ಇಲ್ಲಿ ಹೋಗೋ ದಾರಿ ಮಾತ್ರ ಇದೆ. ಬರೋ ದಾರಿ ಎಲ್ಲಿ?”

ಮಾತಿನಲ್ಲಿ ಅರ್ಥವಿದೆ ಎನಿಸಿತು. ಕೀಬೋರ್ಡಿನಿಂದ ಡ್ರಮ್ ಮೆಷಿನ್ನಿಗೆ, ಅಲ್ಲಿಂದ ಮಾಡ್ಯೂಲಿಗೆ, ಮಾಡ್ಯೂಲಿನಿಂದ ತಿರುಗಿ ಕೀಬೋರ್ಡಿಗೆ ದಾರಿ ಹಾಕಿದರು. ಕನ್ನಡಕ ಒಂದೇ ಒಂದು ಕೀಲಿ ಒತ್ತಿದ. ತುತ್ತೂರಿಯ ದನಿ ಹೊರಟಿತು. ಅವನು ಬೆರಳು ತೆಗೆದ, ದನಿ ನಿಲ್ಲಲಿಲ್ಲ. ಹೇಳಿದ ಮಾತೇ ಸುತ್ತುಸುತ್ತಿ ಬಂದು, ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನಂತೆ ತುತ್ತೂರಿ ಒಂದೇ ಸಮನೆ ಅರಚುತ್ತಿತ್ತು. ಎಲೆಕ್ಟ್ರಿಷಿಯನ್ ಕಿವಿ ಮುಚ್ಚಿಕೊಂಡ. ಕಂಡಕ್ಟರ್ ಅಭ್ಯಾಸಬಲದಿಂದ ‘ಹೋಲ್ಡಾನ್’ ಎಂದು ಎರಡು ಸಲ ಕೂಗಿದ. ಮಹಡಿ ಮೆಟ್ಟಿಲ ಮೇಲೆ ಜನ ಸೇರಿದರು.

ಆಗ ಪಕ್ಕದ ಕೋಣೆಯಿಂದ ಅತ್ತೆ ಬಂದರು. ಯಾರ ಕಡೆಗೂ ನೋಡದೆ ಗೋಡೆಯ ಸ್ವಿಚ್ಚು ಆರಿಸಿದರು. ಮೂರು ಜನ ಗಂಡಸರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಅತ್ತೆ ಮಗಳ ಮನೆಗೆ ಬಂದು ನೆಲೆಸಿ ಎರಡು ವರ್ಷವಾಗಿತ್ತು. ಅಳಿಯನ ಜೊತೆ ನೇರ ಮಾತು ಕಡಿಮೆ. ಏನು ಬೇಕಾದರೂ ‘ಅವರನ್ನ ಕೇಳೇ’ ಎಂದು ಮಗಳ ಮೂಲಕವೇ ಹೋಗಬೇಕು, ಉತ್ತರವೂ ಅದೇ ದಾರಿಯಲ್ಲಿ ಬರಬೇಕು. ಇವತ್ತು ಅವರು ಮೇಜಿನ ಹಿಂದೆ ಬಗ್ಗಿ ನೋಡಿ ನೇರವಾಗಿ ಅವನನ್ನೇ ಕೇಳಿದರು.

“ಈ ವೈರಿನಲ್ಲಿ ಹೋಗೋದು ದನಿನಾ?”

“ಅಲ್ಲ ಅತ್ತೆ. ಯಾವ ಕೀಲಿ ಒತ್ತಿದ್ರು, ಎಷ್ಟು ಜೋರಾಗಿ ಒತ್ತಿದ್ರು, ಯಾವಾಗ ಬಿಟ್ರು, ಅಷ್ಟೇ ಸುದ್ದಿ. ದನಿ ಹೊರಡಿಸೋದು ಈ ಡಬ್ಬಿ.”

“ಹಾಗಾದ್ರೆ ಹೇಳೋರು ಯಾರು, ಕೇಳಿಸ್ಕೊಳ್ಳೋರು ಯಾರು?”

ಕೀಬೋರ್ಡು ಹೇಳುವುದು, ಉಳಿದವು ಕೇಳಿಸಿಕೊಳ್ಳುವುದು ಎಂದ. ಬೆಳಿಗ್ಗೆ ತಾನು ಹೇಗೆ ಸಿಕ್ಕಿಸಿದ್ದನೆಂಬುದನ್ನೂ ಹೇಳಿದ.

“ಮತ್ತೆ ನೀವು ಬೆಳಿಗ್ಗೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ರಿ. ಆಮೇಲೆ ಇವರು ಬಂದು, ಹೇಳಿದೋರ ಕಿವಿಗೇ ಅವರ ಮಾತು ವಾಪಸ್ ತುಂಬಿದ್ರು. ಹುಚ್ಚು ಹಿಡಿಯದೆ ಏನಾಗುತ್ತೆ?”

ಅತ್ತೆ ಟೆಲಿಫೋನ್ ಇಲಾಖೆಯಲ್ಲಿದ್ದರು ಎಂಬುದು ಕನ್ನಡಕನಿಗೆ ಗೊತ್ತಿತ್ತು. ಎಲ್ಲೋ ಕೂತು ರಿಜಿಸ್ಟರ್ ಬರೆಯುತ್ತಿದ್ದರೆಂದು ಅವನು ತಿಳಿದಿದ್ದ. ಅವರು ಇಪ್ಪತ್ತೆಂಟು ವರ್ಷ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು, ಊರಿನ ಬಾಯಿಗಳನ್ನು ಊರಿನ ಕಿವಿಗಳಿಗೆ ಸೇರಿಸಿದವರು. ಈಗ ಆ ಕೈಗಳು ವೈರುಗಳ ನಡುವೆ ಓಡಾಡುವುದನ್ನು ನೋಡುತ್ತ ಅವನು ಹೊತ್ತನ್ನೇ ಮರೆತ. ಕೀಬೋರ್ಡಿನ ಔಟು ಮಾಡ್ಯೂಲಿನ ಇನ್ನಿಗೆ. ಮಾಡ್ಯೂಲಿನ ಮೂರನೇ ತೂತು ಕೇಳಿದ್ದನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ ಎಂದು ತಿಳಿದದ್ದೇ, ಅಲ್ಲಿಂದ ಡ್ರಮ್ ಮೆಷಿನ್ನಿಗೆ. ಎಳೆದರೆ ಸರಕ್ಕನೆ, ಚುಚ್ಚಿದರೆ ಟಕ್ಕನೆ. ಒಮ್ಮೆಯೂ ತಡವರಿಸಲಿಲ್ಲ.

ಅತ್ತೆ ಸ್ವಿಚ್ಚು ಹಾಕಿ ಒಂದು ಕೀಲಿ ಒತ್ತಿ ನೋಡಿ, ಡ್ರಮ್ ಮೆಷಿನ್ನು ತನ್ನದಲ್ಲದ ಮಾತಿಗೂ ಬಾಯಿ ಹಾಕುತ್ತದಲ್ಲ ಎಂದು ಕೇಳಿದರು. ಒಂದು ವೈರಿನಲ್ಲಿ ಹದಿನಾರು ಚಾನೆಲ್ ಇವೆ, ಯಾರು ಯಾವ ನಂಬರಿಗೆ ಕಿವಿಗೊಡಬೇಕೆಂದು ಬೇರೆಬೇರೆ ಇಡಬಹುದು ಎಂದು ಅವನು ವಿವರಿಸಿದ. ಅತ್ತೆಯ ಕೈ ನಿಂತಿತು.

“ಒಂದೇ ವೈರಿನಲ್ಲಿ ಹದಿನಾರು ಜನಾನಾ? ಒಬ್ಬರ ಮಾತು ಇನ್ನೊಬ್ಬರಿಗೆ ತಾಗದ ಹಾಗೆ?” ಎಂದು ಆ ಹಳೆಯ ಮಾಡ್ಯೂಲನ್ನು ಬೆರಳಿನಿಂದ ಮೆಲ್ಲಗೆ ಸವರಿದರು. “ಇದನ್ನ ಕಂಡುಹಿಡಿದೋರಿಗೆ ದೊಡ್ಡ ನಮಸ್ಕಾರ.”

ಮೂರು ಮುಕ್ಕಾಲಿಗೆ ಕೆಲಸ ಮುಗಿಯಿತು. ಕನ್ನಡಕ ಕೀಲಿ ಒತ್ತಿದ. ಪುಟ್ಟ ಗಂಟೆಗಳು, ಅವುಗಳ ಹಿಂದೆ ಕೊಳಲು, ಅದರ ಹಿಂದೆ ಮೆತ್ತಗೆ ತಾಳ. ಮೆಟ್ಟಿಲ ಮೇಲಿನ ಜನ ಬಾಗಿಲಿಗೆ ಬಂದು ಇಣುಕಿದರು.

ಹೆಡ್ ಮೇಡಂ ನಾಲ್ಕಕ್ಕೆ ಸರಿಯಾಗಿ ಬಂದರು. ಒಂದು ನಿಮಿಷದ ರಾಗವನ್ನು ಪೂರ್ತಿ ಕೇಳಿ, ಬೇರೆಯವರ ಮಗುವಿನ ಫೋಟೋ ನೋಡಿದವರ ಹಾಗೆ ಚೆನ್ನಾಗಿದೆ ಎಂದರು. ಆಮೇಲೆ ಎದ್ದು, ಮೇಜನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ ವೈರುಗಳನ್ನು ನೋಡತೊಡಗಿದರು. ರಾಗ ಕೇಳಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

“ಇದನ್ನ ಜೋಡಿಸಿದ್ದು ಯಾರು?”

‘ನಾನೇ’ ಎಂಬ ಮಾತು ಕನ್ನಡಕನ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲ ಬಳಿ ಅತ್ತೆ ಉಳಿದಿದ್ದ ಒಂದು ವೈರನ್ನು ಎಂಟರ ಆಕಾರದಲ್ಲಿ ಸುತ್ತುತ್ತ ನಿಂತಿದ್ದರು. ಅಂಥ ಸುತ್ತನ್ನು ಅವನು ಎಲ್ಲೂ ಕಂಡಿರಲಿಲ್ಲ.

“ನಮ್ಮ ಅತ್ತೆ,” ಎಂದ.

ಮೇಡಂ ಮುಖ ಅರಳಿತು. ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಇಂಥದ್ದೇ ಎಂಟು ಕೀಬೋರ್ಡು ಕಳಿಸಿ ಎರಡು ವರ್ಷವಾಗಿತ್ತಂತೆ. ಎಲ್ಲವೂ ತಿರುಗಿ ರಟ್ಟಿನ ಪೆಟ್ಟಿಗೆ ಸೇರಿವೆ. ನಮಗೆ ಗೊತ್ತು ಎಂದು ಬಂದ ನಾಲ್ವರು ವೈರುಗಳನ್ನು ಜಡೆ ಹೆಣೆದು ಹೋಗಿದ್ದಾರೆ. ಹಾಗಾಗಿ ಈಗ ಯಾರು ಸ್ಟುಡಿಯೋ ಇದೆ ಅಂದರೂ ಮೊದಲು ಅವರ ಮೇಜಿನ ಹಿಂಭಾಗ ನೋಡಲು ಮೇಡಂ ಏನಾದರೂ ನೆಪ ಮಾಡಿಕೊಂಡು ಹೋಗುತ್ತಾರಂತೆ.

“ಹಾಗಾದ್ರೆ ಈ ರಾಗ?” ಎಂದ ಕನ್ನಡಕ.

“ನಮ್ಮ ಗಂಟೆ ಚೆನ್ನಾಗೇ ಇದೆ,” ಎಂದ ಮೇಡಂ ಅತ್ತೆಯ ಕಡೆ ತಿರುಗಿ, ಸೋಮವಾರದಿಂದ ಸಂಗೀತದ ಕೋಣೆ ನೀವೇ ವಹಿಸಿಕೊಳ್ಳಬೇಕು ಎಂದು ಕೈ ಮುಗಿದರು. ಅತ್ತೆ ವೈರಿನ ಸುತ್ತು ಮುಗಿಸಿ ಆಗಲಿ ಎಂದರು. ಕಂಡಕ್ಟರ್ ಚಪ್ಪಾಳೆ ತಟ್ಟಿದ. ತನಗಿಂತ ಜೋರಾಗಿ ತಟ್ಟುತ್ತಿರುವವರು ಯಾರೆಂದು ತಿರುಗಿ ನೋಡಿದರೆ, ಅದು ಕನ್ನಡಕ.

ಆರು ಗಂಟೆಗೆ ಎಲ್ಲರೂ ಹೋದ ಮೇಲೆ, ತನ್ನ ರಾಗವನ್ನು ತಾನಾದರೂ ಒಮ್ಮೆ ಸಮಾಧಾನವಾಗಿ ಕೇಳೋಣವೆಂದು ಅವನು ಕೋಣೆಗೆ ಬಂದ. ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಕಿವಿಗೆ ಹೆಡ್‌ಫೋನು, ಬೆರಳುಗಳು ಕೀಲಿಗಳ ಮೇಲೆ. ಅಮ್ಮ ಸೋಮವಾರಕ್ಕೆ ತಯಾರಿ ಮಾಡ್ತಿದಾರೆ, ಇನ್ನು ಸಂಜೆ ಹೊತ್ತು ಈ ಮೇಜು ಅವರಿಗೇ ಬೇಕಂತೆ ಎಂದು ಹೆಂಡತಿ ಪಿಸುಗುಟ್ಟಿ ಹೋದಳು. ಕನ್ನಡಕನಿಗೆ ಬಿಡುವಿರುವುದೂ ಸಂಜೆಯಲ್ಲೇ.

ಅವನು ಬಾಗಿಲಲ್ಲೇ ನಿಂತು ನೋಡಿದ. ಏನು ನುಡಿಸುತ್ತಿದ್ದಾರೋ ಒಂದೂ ಕೇಳಿಸುತ್ತಿರಲಿಲ್ಲ. ಆದರೂ ಆ ಬೆರಳುಗಳನ್ನು ನೋಡುತ್ತಿದ್ದರೆ ಇನ್ನಷ್ಟು ಹೊತ್ತು ನಿಲ್ಲೋಣ ಎನಿಸುತ್ತಿತ್ತು. ಕೊನೆಗೆ ಧೈರ್ಯ ಮಾಡಿ ಹತ್ತಿರ ಹೋದ. ಅತ್ತೆ ಹೆಡ್‌ಫೋನಿನ ಒಂದು ಕಿವಿ ಸರಿಸಿದರು.

“ಅತ್ತೆ, ಯಾವ ವೈರು ಎಲ್ಲಿಂದ ಎಲ್ಲಿಗೆ ಅಂತ ನನಗೂ ಒಂದ್ಸಲ ಹೇಳಿಕೊಡ್ತೀರಾ?”

“ಅದಕ್ಕೇನಂತೆ,” ಎಂದರು ಅತ್ತೆ ಪ್ರೀತಿಯಿಂದಲೇ. “ಮುಂದಿನ ಶನಿವಾರ ಶಾಲೆಗೆ ಬನ್ನಿ, ಮೂರನೇ ತರಗತಿಯ ಮಕ್ಕಳ ಜೊತೆ ಕೂತ್ಕೊಳ್ಳಿ. ಬೆಂಚು ಸ್ವಲ್ಪ ಕುಳ್ಳಗಿದ್ಯಂತೆ, ಮೊಣಕಾಲು ಜೋಪಾನ.”