ವೈರಸ್ಸಿನ ಬಾಗಿಲು ಮತ್ತು ನಾರ್ವೆ ಕೆರೆಯ ವಿಚಾರಣೆ

ನಮ್ಮ ಕೊಪ್ಪದ ಬಳಿಯ ನಾರ್ವೆ ಎಂಬ ಊರಿನ ಕೆರೆಯಲ್ಲಿ ವಾಸವಾಗಿರುವ ವೈರಸ್ಸಿಗೆ ಹಕ್ಕುಪತ್ರ ಕೊಡುವ ವಿಷಯ ಕೊಪ್ಪದ ಜಲಮೂಲ ಒತ್ತುವರಿ ಸಕ್ರಮ ಸಮಿತಿಯ ಮುಂದಿದೆ. ಇದು ಜ್ವರ ತರುವ ವೈರಸ್ಸಲ್ಲ, ಹಸಿರು ಪಾಚಿಗೆ ಮಾತ್ರ ತಗಲುವಂಥದ್ದು. ಸಮಿತಿ ಎಂದರೆ ನಾವು. ನಾನು ಕಾರ್ಯದರ್ಶಿ.

ಕಾಲೇಜಿನ ಜೀವಶಾಸ್ತ್ರದ ಮೇಡಂ ದೀಪಶ್ರೀ, ಈ ವೈರಸ್ ಪಾಚಿಯ ಕೋಶದ ಪೊರೆಯಲ್ಲಿ ತನ್ನದೇ ಬಾಗಿಲು ಕೂರಿಸುತ್ತದೆಂದು ಕಂಡುಕೊಂಡರು. ಬಾಗಿಲು ಮರದ್ದಲ್ಲ, ಪ್ರೋಟೀನಿನದು; ಇಂಥ ಬಾಗಿಲು ಪಾಚಿಗೂ ಸ್ವಂತದ್ದಿದೆ. ಅದರಿಂದ ಪಾಚಿಯೊಳಗಿನ ಪೊಟ್ಯಾಷಿಯಂ ಹೊರಗೆ ಸೋರುತ್ತದೆ, ಒತ್ತಡ ಇಳಿಯುತ್ತದೆ, ವೈರಸ್ಸಿನ ವಂಶವಾಹಿ ಸಲೀಸಾಗಿ ಒಳಗೆ ಸೇರುತ್ತದೆ. ಬಾಗಿಲು ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆಂದು ನೋಡಲು ಮೇಡಂಗೆ ತಿಂಗಳಿಗೊಂದು ಬಾಟಲಿ ಕೆರೆನೀರು ಬೇಕಿತ್ತು. ಅಷ್ಟರಲ್ಲಿ ವೈರಸ್ ಎಂಬ ಶಬ್ದ ಕೇಳಿದ ಊರವರು, ಸೋಮವಾರ ಕೆರೆಗೆ ಬ್ಲೀಚಿಂಗ್ ಪೌಡರ್ ಸುರಿಯುವುದೆಂದು ನಿಶ್ಚಯಿಸಿದರು. ಸುರಿದರೆ ಸಂಶೋಧನೆ ಅಲ್ಲಿಗೆ ಮುಗಿಯಿತು. ಮೇಡಂ ನಮ್ಮಲ್ಲಿಗೆ ಓಡಿ ಬಂದರು.

"ಅನುಮತಿ ಇಲ್ದೆ ಬಾಗಿಲು ಇಟ್ಟಿದ್ದಾ?" ಎಂದರು ಅಧ್ಯಕ್ಷ ಪರಮೇಶ್ವರ.

"ಅದು ವೈರಸ್, ಸಾರ್."

"ಯಾರಾದ್ರೆ ಎಂತ, ಬೇರೆಯವರ ಗೋಡೆಯಲ್ಲಿ ಬಾಗಿಲಿಟ್ರೆ ಒತ್ತುವರಿಯೇ. ಎಷ್ಟು ಕಾಲದಿಂದ ಅನುಭವದಲ್ಲಿದೆ?"

"ಕೋಟ್ಯಂತರ ವರ್ಷ ಇರಬಹುದು."

ಸಭೆ ಗೌರವದಿಂದ ನೆಟ್ಟಗೆ ಕುಳಿತಿತು. ನಮ್ಮ ಕಡೆ ಒತ್ತುವರಿ ಹೊಸದಾದರೆ ಅಪರಾಧ, ಹಳೆಯದಾದರೆ ಹಕ್ಕು. ಇದು ಎಲ್ಲರಿಗೂ ಗೊತ್ತು, ಆದರೂ ಹೇಳಿಬಿಡುವುದು ಒಳ್ಳೆಯದು.

"ಇಷ್ಟು ಹಳೇ ಅನುಭವ ಅಧ್ಯಕ್ಷರ ತೋಟಕ್ಕೂ ಇಲ್ಲ ಮಾರಾಯ," ಎಂದು ಸದಸ್ಯ ಅಬ್ದುಲ್ ಸಲಾಂ ನನ್ನ ಕಿವಿಯಲ್ಲಿ ಹೇಳಿದರು. ಅವರಿಗೆ ಪೇಟೆಯಲ್ಲಿ ಬಾಗಿಲು, ಚಿಲಕಗಳ ಅಂಗಡಿಯಿದೆ. ಹಾಗಾಗಿ ಈ ವಿಷಯದಲ್ಲಿ ಅವರೇ ತಜ್ಞರು.

"ಪಾಚಿಯ ಬಾಗಿಲು ನೋಡಿ ಕಾಪಿ ಹೊಡ್ದಿದ್ದಲ್ವಾ?" ಅಧ್ಯಕ್ಷರು ಕೇಳಿದರು.

"ಹಾಗೆ ಹೇಳ್ಲಿಕ್ಕಾಗಲ್ಲ ಸಾರ್. ವೈರಸ್ಸಿನದ್ದು ತೀರಾ ಪುಟ್ಟದು, ಸರಳ. ಅದೇ ಮೊದಲಿನದ್ದು, ಉಳಿದವರದ್ದು ಆಮೇಲಿನದ್ದು ಅಂತಲೂ ಒಂದು ವಾದ ಇದೆ."

"ಹಾಗಾದ್ರೆ ಒತ್ತುವರಿ ಮಾಡಿದ್ದು ಪಾಚಿ."

ಮೇಡಂ ಬಾಯಿ ತೆರೆದರು. ಸೋಮವಾರದ ನೆನಪಾಯಿತೋ ಏನೋ, ಮುಚ್ಚಿದರು.

ಆದೇಶ ಹೊರಟಿತು: ಹಕ್ಕು ಇತ್ಯರ್ಥವಾಗುವವರೆಗೆ ಕೆರೆಗೆ ಏನನ್ನೂ ಸುರಿಯತಕ್ಕದ್ದಲ್ಲ, ಕೆರೆಯಿಂದ ಏನನ್ನೂ ತೆಗೆಯತಕ್ಕದ್ದಲ್ಲ. ಕಕ್ಷಿದಾರರು ಪ್ರತಿ ತಿಂಗಳ ವಿಚಾರಣೆಗೆ ಖುದ್ದು ಹಾಜರಿರತಕ್ಕದ್ದು. ಕೆರೆ ಉಳಿಯಿತು, ಆದರೆ ಮೇಡಂಗೆ ನೀರಿಲ್ಲ. ಅವರ ಮುಖ ಇಳಿದುಹೋಯಿತು.

ಮೊದಲ ವಿಚಾರಣೆಗೆ ಜವಾನ ಲೋಕೇಶ ಕಕ್ಷಿದಾರರನ್ನು ಬಾಟಲಿಯಲ್ಲಿ ಕರೆತಂದ. ವಾದಿ ಪ್ರತಿವಾದಿ ಒಂದೇ ಬಾಟಲಿಯಲ್ಲಿರುವುದಕ್ಕೆ ಅಧ್ಯಕ್ಷರು ಆಕ್ಷೇಪಿಸಿದರು.

"ಡೈವೋರ್ಸ್ ಕೇಸಿನ ಗಂಡ ಹೆಂಡ್ತಿನೂ ಒಂದೇ ಬಸ್ಸಲ್ಲಿ ಬರ್ತಾರೆ ಬಿಡಿ," ಎಂದರು ಸಲಾಂ.

ಹೆಸರು ಕೂಗಿದೆವು. ಇಬ್ಬರೂ ಉತ್ತರಿಸಲಿಲ್ಲ. ಮುಂದಿನ ತಿಂಗಳಿಗೆ ಮುಂದೂಡಿದೆವು.

"ಇವ್ರನ್ನು ವಾಪಸ್ ಬಿಡೋರು ಯಾರು?" ಅಧ್ಯಕ್ಷರು ಕೇಳಿದರು.

"ನಾನೇ ಬಿಡ್ತೇನೆ ಸಾರ್," ಎಂದು ಮೇಡಂ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡರು. "ಹೋಗೋ ದಾರಿಯಲ್ಲೇ ಅಲ್ವಾ."

ಅವರ ಕಾಲೇಜು, ಮನೆ ಎರಡೂ ನಾರ್ವೆಯ ದಾರಿಯಲ್ಲಿಲ್ಲ. ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ವಿಚಾರಣೆ ಕ್ರಮಬದ್ಧವಾಗಿ ನಡೆಯುತ್ತಿದೆ, ಕ್ರಮಬದ್ಧವಾಗಿ ಮುಂದೂಡಲಾಗುತ್ತಿದೆ. ಪಾಚಿಗೂ ನ್ಯಾಯ ಸಿಗಲಿ ಎಂದು ಮೇಡಂ ಕೋರಿದ್ದರಿಂದ, ನರಸಿಂಹರಾಜಪುರದ ವಕೀಲರೊಬ್ಬರನ್ನು ನೇಮಿಸಿದ್ದೇವೆ. ಕಕ್ಷಿದಾರರ ಜೊತೆ ಖಾಸಗಿಯಾಗಿ ಮಾತಾಡಲು ಅವರು ಪ್ರತ್ಯೇಕ ಬಾಟಲಿ ಕೇಳಿದ್ದಾರೆ. ಮಂಜೂರು ಮಾಡಿದ್ದೇವೆ. ಅದನ್ನು ವಾಪಸ್ ಬಿಡುವ ಕೆಲಸವನ್ನೂ ಮೇಡಂ ವಹಿಸಿಕೊಂಡಿದ್ದಾರೆ.