ಪಟ್ಟದ ಗೊಂಬೆಯ ಪಕ್ಕದ ಫೋನು

ನಾನು ಎದ್ದು ನಿಂತರೆ ಜಗತ್ತಿಗೆ ಏನಾದರೂ ವ್ಯತ್ಯಾಸವಾದದ್ದು ನನಗೆ ನೆನಪಿಲ್ಲ. ಕಚೇರಿಯಲ್ಲಿ ನಾನು ಒಳಗೆ ಬಂದರೂ ಹೊರಗೆ ಹೋದರೂ ಫ್ಯಾನು ಕೂಡ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ಅಂಥ ನನಗೂ ಒಂದು ಕಾಲ ಬಂದಿತ್ತು. ಸಂಜೆ ಏಳು ಗಂಟೆಯ ಹೊತ್ತಿಗೆ ನಾನು ಸೋಫಾದಿಂದ ಒಂದು ಚೂರು ಮೇಲೆದ್ದರೆ ಸಾಕು, "ಅಯ್ಯೋ, ಎಲ್ಲಿಗೋ ಹೊರಟೆ? ಕೂತ್ಕೊಳೋ ಸೀನ!" ಎಂದು ಅತ್ತೆ ಕೂಗುತ್ತಿದ್ದರು. ಅಡುಗೆಮನೆಯಿಂದ ಹೆಂಡತಿ ವಿಮಲಾ, "ರೀ, ದಮ್ಮಯ್ಯ, ಹಾಲ್ ಬಿಟ್ಟು ಕದಲಬೇಡಿ" ಎನ್ನುತ್ತಿದ್ದಳು. ಕೂತಲ್ಲಿಗೇ ನೀರು ಬರುತ್ತಿತ್ತು, ಕಾಫಿ ಬರುತ್ತಿತ್ತು, ಕೇಳದೆಯೇ ಕೋಡುಬಳೆ ಬರುತ್ತಿತ್ತು. ಈ ಮರ್ಯಾದೆಯೆಲ್ಲ ನನ್ನ ಷರ್ಟಿನ ಜೇಬಿನಲ್ಲಿದ್ದ ಫೋನಿಗೆ ಸಲ್ಲುತ್ತಿದ್ದದ್ದು ಎಂದು ನನಗೆ ಗೊತ್ತಿತ್ತು. ಆದರೂ ಕೋಡುಬಳೆ ತಿಂದದ್ದು ನಾನೇ.

ಆದದ್ದು ಇಷ್ಟು. ವರ್ಷದ ಹಿಂದೆ ನಾನು ಯಾರದೋ ಮಾತು ಕೇಳಿ ಟಿವಿಗೆ ಒಂದು ಸಣ್ಣ ಕರಿ ಡಬ್ಬಿ ತಂದು ಸಿಕ್ಕಿಸಿದೆ. ಮನೆಯ ಇಂಟರ್ನೆಟ್ಟಿನಿಂದಲೇ ಎಲ್ಲ ಚಾನೆಲ್ಲೂ ಬರುತ್ತದೆ, ಇನ್ನು ಆ ತಾರಸಿಯ ಮೇಲಿನ ಬೋಗುಣಿ ಯಾಕೆ ಎಂದು ಡಿಶ್ ಬಿಚ್ಚಿಸಿದೆ. ವಿಮಲಾ, "ಇರಲಿ ಬಿಡಿ, ಅದೇನು ಅನ್ನ ಕೇಳುತ್ತಾ?" ಎಂದಿದ್ದಳು. ನಾನು ಕೇಳಲಿಲ್ಲ. ದಸರೆಗೆ ಇನ್ನೇನು ಎರಡು ವಾರವಿದೆ ಎನ್ನುವಾಗ ನಜರ್‌ಬಾದಿನ ನಮ್ಮ ರಸ್ತೆಯನ್ನು ಪೈಪಿಗಾಗಿ ಅಗೆದರು. ಪೈಪು ಒಳಗೆ ಹೋಯಿತು, ಇಂಟರ್ನೆಟ್ ಕೇಬಲ್ಲು ಎರಡು ತುಂಡಾಗಿ ಹೊರಗೆ ಬಂತು. ಕೇಬಲ್ಲಿನವನಿಗೆ ಫೋನು ಮಾಡಿದರೆ, "ನಾಳೆ ಆಗ್ಬುಡುತ್ತೆ ಸಾರ್" ಎಂದ. ಅವನ ನಾಳೆಗೂ ನಮ್ಮ ನಾಳೆಗೂ ಪಂಚಾಂಗವೇ ಬೇರೆ.

ಟಿವಿ ಇಲ್ಲದಿದ್ದರೆ ಏನು ಮುಳುಗಿಹೋಗುತ್ತೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದಕ್ಕೆ ನಮ್ಮ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರು ನನಗೆ ಎರಡು ಲೆಕ್ಕದಲ್ಲಿ ಅತ್ತೆ, ಅಪ್ಪನ ತಂಗಿಯೂ ಹೌದು, ಹೆಂಡತಿಯ ತಾಯಿಯೂ ಹೌದು. ಆದ್ದರಿಂದ ಅಳಿಯನಿಗೆ ಸಲ್ಲಬೇಕಾದ ಬಹುವಚನ ನನಗೆ ಯಾವತ್ತೂ ಸಿಕ್ಕಿಲ್ಲ. ಅವರ ಅಕ್ಕ ಹಾಸನದಲ್ಲಿ ಮಗನ ಮನೆಯಲ್ಲಿದ್ದಾರೆ. ನನಗೆ ದೊಡ್ಡತ್ತೆ. ಚಿಕ್ಕಂದಿನಲ್ಲಿ ಬೇಸಿಗೆ ರಜಕ್ಕೆ ಹೋದಾಗಲೆಲ್ಲ ನನ್ನನ್ನು ಹಂಡೆಯ ಮುಂದೆ ಕೂರಿಸಿ ಸೀಗೆಪುಡಿ ಹಾಕಿ ತಿಕ್ಕಿದವರು ಅವರು. ಆ ದೊಡ್ಡತ್ತೆಗೆ ಈಚೆಗೆ ಮರೆವು. ಮೊದಮೊದಲು ಕನ್ನಡಕ ಮರೆತರು, ಆಮೇಲೆ ಊಟ ಮಾಡಿದ್ದು ಮರೆತರು, ಈಗ ಮನುಷ್ಯರನ್ನೇ ಮರೆಯುತ್ತಿದ್ದಾರೆ. ನನ್ನ ಹೆಸರು ಅವರ ಬಾಯಲ್ಲಿ ಬಂದು ವರ್ಷವಾಗಿತ್ತು.

ಅಕ್ಕತಂಗಿಯರಿಬ್ಬರೂ ಸಂಜೆ ಏಳಕ್ಕೆ ಒಂದೇ ಧಾರಾವಾಹಿ ನೋಡುತ್ತಾರೆ. ಏಳೂವರೆಗೆ ಮುಗಿದ ತಕ್ಷಣ ಅತ್ತೆ ನನ್ನ ಫೋನಿನಿಂದ ಅಕ್ಕನಿಗೆ ಫೋನು ಮಾಡುತ್ತಾರೆ. "ಅಕ್ಕಾ, ನೋಡ್ದ್ಯಾ ಆ ದೊಡ್ಡ ಸೊಸೆ ಮಾಡಿದ್ದು?" ಎಂದು ಶುರು ಮಾಡಿದರೆ ಆ ಕಡೆಯಿಂದ ದೊಡ್ಡತ್ತೆ "ಹೂಂ ಕಣೇ" ಎನ್ನುತ್ತಾರೆ. ತಂಗಿ ಕತೆ ಹೇಳುತ್ತಾ ಹೋಗುವುದು, ಅಕ್ಕ ಹೂಂಗುಟ್ಟುತ್ತಾ ಬರುವುದು. ಆ ಧಾರಾವಾಹಿಯ ಸೆರಗು ಹಿಡಿದುಕೊಂಡೇ ದೊಡ್ಡತ್ತೆ ದಿನಕ್ಕೊಮ್ಮೆ ತಂಗಿಯ ಹತ್ತಿರ ಬಂದು ಹೋಗುತ್ತಿದ್ದರು. ಕೇಬಲ್ಲು ತುಂಡಾದ ದಿನ ಅತ್ತೆಗೆ ಹೇಳಲು ಕತೆಯಿರಲಿಲ್ಲ. "ಅಕ್ಕಾ, ಊಟ ಆಯ್ತಾ?" ಎಂದರು. "ಯಾರು ಮಾತಾಡ್ತಿರೋದು?" ಎಂದರು ದೊಡ್ಡತ್ತೆ. "ನಾನು ಕಣೇ, ಶಾರದಾ." "ಯಾವ ಶಾರದಾ?" ಅತ್ತೆ ಫೋನು ನನ್ನ ಕೈಗೆ ಕೊಟ್ಟು, ಮೊರದ ಮುಂದೆ ಕೂತು ಅವರೆಕಾಯಿ ಸುಲಿಯತೊಡಗಿದರು. ಸುಲಿದಾದ ಮೇಲೂ ಖಾಲಿ ಸಿಪ್ಪೆಗಳನ್ನು ಮತ್ತೆ ಮತ್ತೆ ಬಿಡಿಸಿ ನೋಡುತ್ತಿದ್ದರು. ಡಿಶ್ ಬಿಚ್ಚಿಸಿದ ಮಹಾನುಭಾವ ನಾನೇ ತಾನೆ?

ಮಾರನೆಯ ದಿನ ಕಚೇರಿಯ ಹುಡುಗಿಯೊಬ್ಬಳು ಉಪಾಯ ಹೇಳಿಕೊಟ್ಟಳು. ಫೋನಿನಲ್ಲಿ ಹಾಟ್‌ಸ್ಪಾಟ್ ಎಂಬ ಗುಂಡಿ ಒತ್ತಿದರೆ ಫೋನಿನ ಇಂಟರ್ನೆಟ್ಟು ಟಿವಿ ಡಬ್ಬಿಗೂ ಸಿಗುತ್ತದಂತೆ. ಸಂಜೆ ಒತ್ತಿದೆ. ಬಂತು! ಅತ್ತೆ ನನ್ನ ತಲೆ ಸವರಿದರು. ಆವತ್ತಿನಿಂದ ನಾನು ಮನೆಯ ಕಂಬವಾದೆ. ನಾನು ಬಚ್ಚಲಿಗೆ ಹೋದರೆ ದೊಡ್ಡ ಸೊಸೆ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದಳು. ಗೇಟಿನವರೆಗೆ ಹೋದರೆ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಯಾರಾದರೂ ಫೋನು ಮಾಡಿದರಂತೂ ಮುಗಿಯಿತು, ನನ್ನ ಹಳೆಯ ಫೋನಿಗೆ ಒಂದು ಸಲಕ್ಕೆ ಒಂದೇ ಕೆಲಸ. ಕಾರಂಜಿ ಕೆರೆಯ ವಾಕಿಂಗು ನಿಂತಿತು. ಅಲ್ಲಿನ ಬೆಂಚಿನ ಗೆಳೆಯರು ನನಗೆ ಕಾಲುನೋವು ಎಂದು ತಿಳಿದು ಎಣ್ಣೆ ಕಳಿಸಿಕೊಟ್ಟರು.

ಇನ್ನೂ ದೊಡ್ಡ ಜಾಣತನ ನಾನು ಮಾಡಿದ್ದು ನವರಾತ್ರಿಯ ಮೊದಲ ದಿನ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ. ಹಾಲ್‌ನ ಕಿಟಕಿಗೆ ಒರಗಿಸಿ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳನ್ನು, ಅಂದರೆ ಅತ್ತೆಯ ಮದುವೆಯಲ್ಲಿ ಕೊಟ್ಟ ಮರದ ರಾಜ ರಾಣಿಯರನ್ನು, ಕಲಶದ ಜೊತೆ ಇಟ್ಟಿದ್ದರು. ಆ ಕಿಟಕಿಯಲ್ಲಿ ಸಿಗ್ನಲ್ಲು ಚೆನ್ನಾಗಿ ಸಿಗುತ್ತದೆಂದು ನನಗೆ ಹೊಳೆಯಿತು. ರಾಜನ ಪಕ್ಕದಲ್ಲಿ ಫೋನು ಒರಗಿಸಿ, ಚಾರ್ಜರ್ ವೈರನ್ನು ರಾಣಿಯ ಸೆರಗಿನ ಹಿಂದಿನಿಂದ ಎಳೆದು, ಹಾಯಾಗಿ ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಆರತಿ ಮುಗಿಸಿದ್ದರು. ರಾಜನಿಗೆ ಕುಂಕುಮ, ರಾಣಿಗೆ ಕುಂಕುಮ, ನನ್ನ ಫೋನಿಗೂ ಕುಂಕುಮ, ಮೇಲೊಂದು ಸೇವಂತಿಗೆ. ಎತ್ತಿಕೊಳ್ಳಲು ಕೈ ಹಾಕಿದೆ.

"ಮುಟ್ಬೇಡ ಕಣೋ! ಆರತಿ ಆಗೋಯ್ತು. ಮೆಟ್ಲ ಮೇಲೆ ಕೂತಿದ್ದನ್ನ ದಶಮಿವರೆಗೂ ಕದಲಿಸೋ ಹಾಗಿಲ್ಲ."

"ಅತ್ತೆ, ಅದು ಗೊಂಬೆ ಅಲ್ಲ, ಫೋನು."

"ಕೂರಿಸಿದ್ದು ಯಾರು, ನಾನಾ?"

ವಿಮಲಾ ಒಳಗೆ ನಗುವುದು ಕೇಳಿಸಿತು. ಕದಲಿಸಬಾರದು, ಕೂತಲ್ಲೇ ಮಾತಾಡಬಹುದು ಎಂಬ ಒಪ್ಪಂದವಾಯಿತು. ಹಾಗಾಗಿ ಆ ನವರಾತ್ರಿ ಪೂರ್ತಿ ನನ್ನ ಸಕಲ ಸಂಭಾಷಣೆಯೂ ಸ್ಪೀಕರಿನಲ್ಲಿ, ಸ್ಟೂಲಿನ ಮೇಲೆ ನಿಂತು, ರಾಜನ ಮುಂದೆ ನಡೆಯಿತು. ನಮ್ಮ ಮ್ಯಾನೇಜರು ಫೈಲು ಎಲ್ಲಿ ಎಂದು ಗದರಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಎದುರುಮನೆಯವರು ಕುಂಕುಮಕ್ಕೆ ಬಂದರು. ನಾನು ಅಭ್ಯಾಸಬಲದಿಂದ ಕೈಕಟ್ಟಿಕೊಂಡು ತಲೆತಗ್ಗಿಸಿ "ತಪ್ಪಾಯ್ತು ಸಾರ್, ಇನ್ನೊಂದು ಸಲ ಹೀಗಾಗಲ್ಲ ಸಾರ್" ಎನ್ನುತ್ತಿದ್ದೆ. "ನಿಮ್ಮ ಯಜಮಾನರಿಗೆ ಎಷ್ಟು ಭಕ್ತಿ!" ಎಂದು ಆಕೆ ವಿಮಲಾಗೆ ಹೇಳಿ ಹೋದರು.

ಅಂತೂ ದಿನ ಕಳೆದು ಆಯುಧಪೂಜೆ ಬಂತು. ಸಂಜೆ ಬೀದಿಯ ಮಕ್ಕಳೆಲ್ಲ ಗೊಂಬೆ ನೋಡಲು ಬಂದರು. ಗೊಂಬೆ ನೋಡಲು ಬಂದ ಮಕ್ಕಳಿಗೆ ಬಾಗಿನ ಅಂತ ತಿಂಡಿ ಕೊಡುವುದು ನಮ್ಮಲ್ಲಿ ರೂಢಿ. ವಿಮಲಾ ಅರಿಶಿನ ಕುಂಕುಮಕ್ಕೆಂದು ಸ್ನೇಹಿತೆಯ ಮನೆಗೆ ಹೊರಟವಳು, ತಿಂಡಿಯ ಡಬ್ಬಿಯನ್ನು ಅತ್ತೆಯ ಪಕ್ಕದಲ್ಲಿಟ್ಟು ಹೋಗಿದ್ದಳು. ಡಬ್ಬಿ ಬೇಗ ಖಾಲಿಯಾಯಿತು, ಮಕ್ಕಳು ಖಾಲಿಯಾಗಲಿಲ್ಲ. ಅಷ್ಟರಲ್ಲಿ ಅಪ್ಪನ ಫೋನು ಹಿಡಿದು ಬಂದಿದ್ದ ಪುಟ್ಟಿಯೊಬ್ಬಳು, "ಅಂಕಲ್, ವೈಫೈ ಪಾಸ್‌ವರ್ಡ್ ಏನು?" ಎಂದಳು. ನಾನು ಕೇಳಿಸದವನಂತೆ ಕೂತೆ. ಅತ್ತೆ ಬಿಡಲಿಲ್ಲ.

"ಅದೇನೋ ಕೇಳ್ತಿದೆ ಮಗು, ಕೊಡೋ. ಗೊಂಬೆ ಮುಂದಿನಿಂದ ಮಕ್ಕಳು ಬರಿಗೈಲಿ ಹೋಗಬಾರದು."

ಒಬ್ಬಳಿಗೆ ಕೊಟ್ಟದ್ದನ್ನು ಉಳಿದವರಿಗೆ ಕೊಡದಿರುವುದು ಹೇಗೆ? ಉಳಿದವರೂ ಮನೆಗೆ ಓಡಿ ಫೋನು ತಂದರು, ಎಲ್ಲರಿಗೂ ಬಾಗಿನ ಸಂದಾಯವಾಯಿತು. ಅಷ್ಟೂ ಮಕ್ಕಳು ನಮ್ಮ ಜಗಲಿಯ ಮೇಲೆ ಸಾಲಾಗಿ ಕೂತು ಕಾರ್ಟೂನು ನೋಡಿದರು. ಏಳು ಗಂಟೆಗೆ ಅತ್ತೆ ಟಿವಿ ಮುಂದೆ ಕೂತಾಗ ಪರದೆಯ ಮೇಲೆ ಬರೀ ಚಕ್ರ. ಸ್ಟೂಲು ಹತ್ತಿ ನೋಡಿದೆ. ಈ ದಿನದ ಡೇಟಾ ಮುಗಿದಿದೆ ಎಂದು ರಾಜನ ಪಕ್ಕದಲ್ಲಿ ಬರೆದುಕೊಂಡಿತ್ತು.

ರೀಚಾರ್ಜ್ ಮಾಡೋಣವೆಂದರೆ ಅದಕ್ಕೂ ಇಂಟರ್ನೆಟ್ ಬೇಕಂತೆ. ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಮೊಬೈಲ್ ಅಂಗಡಿಗೆ ಓಡಿದೆ. ರಸ್ತೆ ತುಂಬ ಒಡೆದ ಬೂದುಗುಂಬಳ, ಕುಂಕುಮದ ನೀರು. ಅಂಗಡಿಯವನು ಅರ್ಧ ಷಟರ್ ಎಳೆದು ಹೊರಗೆ ನಿಂತಿದ್ದ. ಒಳಗೆ ಮೇಜಿನ ಮೇಲೆ ಅವನ ರೀಚಾರ್ಜ್ ಫೋನು ವಿಭೂತಿ, ಕುಂಕುಮ, ಹೂವಿನ ಹಾರ ಸಮೇತ ವಿರಾಜಮಾನವಾಗಿತ್ತು.

"ಪೂಜೆ ಆಗೋಗದೆ ಸಾರ್. ನಾಳೆವರ್ಗೂ ಮುಟ್ಟೋ ಅಂಗಿಲ್ಲ" ಎಂದ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಒಂದು ಪೊಟ್ಟಣ ಪುರಿ ಕಡಲೆ ಕೈಗಿತ್ತ.

ಯಾರಿಗಾದರೂ ಫೋನು ಮಾಡಿ ರೀಚಾರ್ಜ್ ಮಾಡಿಸಬಹುದಿತ್ತಲ್ಲ ಎಂದು ವಿಮಲಾ ಆಮೇಲೆ ಕೇಳಿದಳು. ಹೊಳೆಯಬೇಕಲ್ಲ! ಪುರಿ ಕಡಲೆ ಹಿಡಿದು ಮನೆಗೆ ಬಂದಾಗ ಏಳೂವರೆ ಆಗಿತ್ತು. ಅತ್ತೆ ಆರಿದ ಟಿವಿಯ ಮುಂದೆ ಕೂತೇ ಇದ್ದರು.

"ಇವತ್ತು ಅಕ್ಕಂಗೆ ಫೋನ್ ಮಾಡೋದು ಬೇಡ ಬುಡು" ಎಂದರು. "ಯಾರು ಅಂತ ಕೇಳ್ತಾಳೆ. ಹಬ್ಬದ ದಿನ ನನ್ ಕೈಲಿ ಅದನ್ನ ಕೇಳಿಸ್ಕೊಳಕ್ಕಾಗಲ್ಲ ಕಣೋ."

ನನಗೆ ಎಲ್ಲಿಂದ ಆವೇಶ ಬಂತೋ ತಿಳಿಯದು. "ಮಾಡೋಣ ಅತ್ತೆ, ಕತೆ ನಾನು ಹೇಳ್ತೀನಿ" ಎಂದೆ. ಧಾರಾವಾಹಿ ನೋಡುವವರನ್ನು ಕಂಡರೆ ನನಗೆ ಮೊದಲಿನಿಂದ ತಾತ್ಸಾರ. ಆದರೆ ಕಂಬವಾಗಿ ಕೂತ ದಿನಗಳಲ್ಲಿ, ಪೇಪರು ಅಡ್ಡ ಹಿಡಿದುಕೊಂಡು, ಒಂದು ಕಂತನ್ನೂ ನಾನು ಬಿಟ್ಟಿರಲಿಲ್ಲ. ದೊಡ್ಡ ಸೊಸೆ ಕಪಾಟಿನ ಬೀಗದಕೈ ಕದ್ದಲ್ಲಿಗೆ ಹಿಂದಿನ ದಿನ ನಿಂತಿತ್ತು. ಮುಂದೇನಾಗುತ್ತದೆ ಎಂದು ಊಹಿಸಲಾರದಷ್ಟು ದಡ್ಡನೇ ನಾನು? ಸ್ಟೂಲು ಹತ್ತಿ ಫೋನು ಮಾಡಿದೆ. ಅತ್ತೆ ಕೆಳಗೆ ಸೆರಗಿನ ತುದಿ ಹಿಡಿದು ನಿಂತರು. ಹಾಸನದಲ್ಲಿ ದೊಡ್ಡತ್ತೆಯ ಸೊಸೆ ಫೋನೆತ್ತಿ ಅವರ ಕೈಗೆ ಕೊಟ್ಟಳು.

"ದೊಡ್ಡತ್ತೆ, ನೋಡಿದ್ರಾ ಇವತ್ತು? ಪಾಪ, ದೊಡ್ಡ ಸೊಸೆಗೆ ಪಶ್ಚಾತ್ತಾಪ ಆಗೋಯ್ತು. ಅಳ್ತಾ ಬಂದು ಅತ್ತೆ ಕಾಲಿಗೆ ಬಿದ್ದು ಬೀಗದಕೈ ವಾಪಸ್ ಕೊಟ್ಬಿಟ್ಲು."

ಆ ಕಡೆ ಹೂಂ ಬರಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ರಾಜನ ಪಕ್ಕದಿಂದ ಗಟ್ಟಿಯಾದ, ನಾನು ಎಷ್ಟೋ ಕಾಲದಿಂದ ಕೇಳದಿದ್ದ ದನಿಯೊಂದು ಹೊರಟಿತು.

"ಕಾಲಿಗೆ ಬಿದ್ಲಾ? ಅವ್ಳಾ? ಅವ್ಳು ಬೀಗದಕೈನ ತಗೊಂಡೋಗಿ ಬಾವಿಗೆ ಎಸೆದ್ಲು ಕಣೋ! ಅದನ್ನ ಚಿಕ್ಕ ಸೊಸೆ ಮಾಳಿಗೆ ಮೇಲಿಂದ ನೋಡಿಬಿಟ್ಲು. ಯಾವ ಧಾರಾವಾಹಿ ನೋಡ್ದೆ ನೀನು? ಲೋ ಸೀನ, ಚಿಕ್ಕೋನಿದ್ದಾಗಿಂದ ನೀನು ಇಷ್ಟೇ. ಅರ್ಧ ಕೇಳಿಸ್ಕೊಳೋದು, ಇನ್ನರ್ಧ ನೀನೇ ಸೇರಿಸೋದು!"

ನಾನು ಸ್ಟೂಲಿನ ಮೇಲೆ ಬಾಯಿ ಬಿಟ್ಟುಕೊಂಡು ನಿಂತೆ. ಅವರು ನಿಲ್ಲಿಸಲಿಲ್ಲ. ಚಿಕ್ಕ ಸೊಸೆ ಏನು ಸೀರೆ ಉಟ್ಟಿದ್ದಳು, ಬಾವಿಯಲ್ಲಿ ನೀರು ಎಷ್ಟಿತ್ತು, ಎಲ್ಲವನ್ನೂ ಹೇಳಿದರು. ಅಷ್ಟು ದಿನ ಅವರಿಗೆ ನಾವೇ ಹೇಳಬೇಕೆಂದುಕೊಂಡಿದ್ದೆವಲ್ಲ! ಕೊನೆಗೆ, "ಶಾರದಾ ಎಲ್ಲೋ? ಕೊಡು ಅವಳಿಗೆ. ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸಿದ್ಲಾ, ಹಳೇದೇನಾ?" ಎಂದರು. ಅತ್ತೆ ರಾಣಿಯನ್ನೇ ನೋಡುತ್ತಾ, "ಹೊಸದೇ ಉಡಿಸಿದ್ದೀನಿ ಕಣೇ ಅಕ್ಕ, ಹಸಿರು" ಎಂದರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಕಣ್ಣಲ್ಲೂ ಸುರಿಯುತ್ತಿತ್ತು. ನಾನು ಪುರಿ ಕಡಲೆಯ ಪೊಟ್ಟಣ ಬಿಚ್ಚಿ ಒಂದು ಮುಕ್ಕು ಬಾಯಿಗೆ ಹಾಕಿಕೊಂಡೆ.

ದಶಮಿಯ ಸಂಜೆ ಪದ್ಧತಿಯಂತೆ ಅತ್ತೆ ರಾಜ ರಾಣಿಯರನ್ನು ಮೆಟ್ಟಿಲ ಮೇಲೆ ಮಲಗಿಸಿದರು. ಅವರ ಪಕ್ಕದಲ್ಲಿ ನನ್ನ ಫೋನನ್ನೂ ಮಲಗಿಸಿ, "ಇದೂ ಮಲ್ಕೊಳ್ಳಲಿ, ಪಾಪ" ಎಂದರು. ಯಾವಾಗ ಕೈಗೆ ಸಿಗುತ್ತದೋ ಎಂದು ದಿನ ಎಣಿಸುತ್ತಿದ್ದ ನಾನು ಬೆಳಿಗ್ಗೆಯವರೆಗೆ ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆ ಕುಂಕುಮ ಒರೆಸಿ ನೋಡಿದರೆ, ಆ ಒಂದು ರಾತ್ರಿ ನಾನಿಲ್ಲದೆ ಅನಾಥವಾಗಿದ್ದ ಪ್ರಪಂಚದಿಂದ ಬಂದದ್ದು ಒಂದೇ ಕರೆ, ಯಾರೋ ಸೈಟು ಮಾರುವವರದು.

ಕೇಬಲ್ಲಿನವನ ನಾಳೆಯೂ ಅಂತೂ ಬಂತು. ಈಗ ಟಿವಿಗೆ ನನ್ನ ಫೋನು ಬೇಡ. ನಾನು ಎದ್ದರೂ ಕೂತರೂ ಯಾರೂ ಕೇಳುವುದಿಲ್ಲ, ಕೋಡುಬಳೆ ನಿಂತಿದೆ. ಕೆರೆಯ ಕಡೆಗೆ ವಾಕಿಂಗು ಮತ್ತೆ ಶುರು ಮಾಡಿದ್ದೇನೆ, ಆದರೆ ಏಳಕ್ಕೆ ಸರಿಯಾಗಿ ಮನೆಗೆ ಬಂದುಬಿಡುತ್ತೇನೆ. ಅತ್ತೆಯೂ ನಾನೂ ಒಟ್ಟಿಗೆ ಕೂತು ಕಂತು ಪೂರ್ತಿ ನೋಡುತ್ತೇವೆ. ಏಳೂವರೆಗೆ ನಾನು ಫೋನು ಮಾಡಿ ಅದನ್ನು ತಪ್ಪು ತಪ್ಪಾಗಿ ಹೇಳುತ್ತೇನೆ. ದೊಡ್ಡತ್ತೆ ಗದರಿ ತಿದ್ದುತ್ತಾರೆ. ಕೆಲವು ದಿನ ತಿದ್ದುವುದಿಲ್ಲ, ಹೂಂ ಎಂದು ಸುಮ್ಮನಾಗುತ್ತಾರೆ. ಅಂಥ ದಿನ ಇನ್ನೂ ದೊಡ್ಡ ತಪ್ಪೊಂದನ್ನು ಹುಡುಕಿ ತರುತ್ತೇನೆ.

ಮೊನ್ನೆ ಕಚೇರಿಯಲ್ಲಿ ಕೆಲಸ ಜಾಸ್ತಿಯಾಗಿ ಸುಸ್ತಾಗಿತ್ತು. ಯೋಚನೆ ಎಲ್ಲೋ ಇಟ್ಟುಕೊಂಡು, ಅಂದಿನ ಕತೆಯನ್ನು ನಡೆದದ್ದು ನಡೆದ ಹಾಗೆ ಅಚ್ಚುಕಟ್ಟಾಗಿ ಒಪ್ಪಿಸಿಬಿಟ್ಟೆ.

"ಯಾರು ಮಾತಾಡ್ತಿರೋದು?" ಎಂದರು ದೊಡ್ಡತ್ತೆ.

ಅತ್ತೆ ಮೊಣಕೈಯಿಂದ ತಿವಿದರು. ತಡವರಿಸುತ್ತಾ, "ಅಲ್ಲ ದೊಡ್ಡತ್ತೆ, ಆಮೇಲೆ ಆ ಚಿಕ್ಕ ಸೊಸೆ ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಬಿಟ್ಲಲ್ಲ?" ಎಂದೆ.

"ಲೋ ಸೀನಾ!"

ಅತ್ತೆ ಉಸಿರು ಬಿಟ್ಟು ನನ್ನ ಕಿವಿಯ ಹತ್ತಿರ ಬಗ್ಗಿದರು. "ಇನ್ಮೇಲೆ ಸರಿಯಾಗಿ ಹೇಳೋ ಉಸಾಬರಿಗೆ ಹೋಗ್ಬೇಡ ಕಣಪ್ಪ" ಎಂದರು. "ನಿನಗ್ಯಾಕೆ ಬೇಕು ಅದೆಲ್ಲ?"